ಸೈಕಾಲಜಿ ಡಿಗ್ರಿ: ನೀವು ಬರೆದದ್ದನ್ನು ಓದಿ ತಿದ್ದುವವರು ಯಾರು?

ಪಿಯುಸಿ ಫಲಿತಾಂಶದ ಬೆನ್ನಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಈಗ ಮನಶ್ಶಾಸ್ತ್ರದ ಪ್ರಶ್ನೆಗಳೂ ತುಂಬ. ಮಂಗಳೂರು, ಉಡುಪಿ ಕಡೆಯಿಂದ ಬಂದ ಈ ಸಲದ ಪತ್ರಗಳೆಲ್ಲ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ಓದಿನ ಜೊತೆಗೆ ಕೆಲಸದ ಅನುಭವವನ್ನೂ ಕೊಡುತ್ತೇವೆ ಎಂದು ಎಲ್ಲರೂ ಹೇಳುತ್ತಾರೆ, ಯಾರ ಮಾತನ್ನು ಹೇಗೆ ಪರೀಕ್ಷಿಸುವುದು? ಮನಶ್ಶಾಸ್ತ್ರ ಕಲಿಸುವವರು, ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳ ತರಬೇತಿ ನೋಡಿಕೊಳ್ಳುವವರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಮಗಳಿಗೆ ಬ್ರಿಟನ್ನಿನ ಎರಡು ವಿಶ್ವವಿದ್ಯಾಲಯಗಳಿಂದ ಸೈಕಾಲಜಿ ಬಿಎಸ್‌ಸಿಗೆ ಆಫರ್ ಬಂದಿದೆ. ಒಂದು ರ‍್ಯಾಂಕಿಂಗ್‌ನಲ್ಲಿ ಮೇಲಿದೆ. ಮೂರು ವರ್ಷದ ಕೋರ್ಸ್, ಬೇಕಾದರೆ ಆಮೇಲೆ ಪ್ಲೇಸ್‌ಮೆಂಟ್ ವರ್ಷ ಸೇರಿಸಿಕೊಳ್ಳಬಹುದು ಎನ್ನುತ್ತಾರೆ. ಇನ್ನೊಂದು ಸ್ವಲ್ಪ ಕೆಳಗಿದೆ. ಅಲ್ಲಿ ಮೊದಲಿಂದಲೇ ನಾಲ್ಕು ವರ್ಷ, ಮೂರನೇ ವರ್ಷ ಪೂರ್ತಿ ಕೆಲಸ. ಯಾವುದಕ್ಕೆ ಹೌದು ಅನ್ನಬೇಕು? (ತಂದೆ, ಉಡುಪಿ)

ಉತ್ತರ: ಮೊದಲು ಆ ಪದವನ್ನೇ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಪ್ಲೇಸ್‌ಮೆಂಟ್ ಎಂದರೆ ಓದು ಮುಗಿಯುವಾಗ ಕಂಪನಿಯವರು ಕಾಲೇಜಿಗೆ ಬಂದು ಕೆಲಸ ಕೊಡುವುದು. ಬ್ರಿಟನ್ನಿನ ಪ್ಲೇಸ್‌ಮೆಂಟ್ ವರ್ಷ ಅದಲ್ಲ. ಎರಡನೇ ವರ್ಷದ ಓದು ಮುಗಿಸಿ, ಸಾಮಾನ್ಯವಾಗಿ 9ರಿಂದ 12 ತಿಂಗಳು ಆಸ್ಪತ್ರೆ, ಶಾಲೆ, ಸಂಶೋಧನಾ ತಂಡ ಅಥವಾ ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಪೂರ್ಣಾವಧಿ ಕೆಲಸ ಮಾಡಿ, ಮರಳಿ ಬಂದು ಕೊನೆಯ ವರ್ಷ ಓದುವುದು. ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ನೌಕರಿ ಸಿಗುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಇಷ್ಟು ಸ್ಪಷ್ಟ ಮಾಡಿಕೊಳ್ಳದೆ ಮನೆಯವರು ಲೆಕ್ಕ ಹಾಕಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಎರಡೂ ಕೋರ್ಸ್‌ಗಳಿಗೆ ಬಿಪಿಎಸ್, ಅಂದರೆ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಮಾನ್ಯತೆ ಇದೆಯೇ ಎಂದು ಇವತ್ತೇ ನೋಡಿ. ಅದು ಬಿಪಿಎಸ್‌ನ ಜಾಲತಾಣದಲ್ಲಿ ಕೋರ್ಸಿನ ಪೂರ್ಣ ಹೆಸರಿನೊಂದಿಗೆ ಇರುತ್ತದೆ. ವಿಶ್ವವಿದ್ಯಾಲಯದ ಹೆಸರಿದ್ದರೆ ಸಾಲದು. ಅದೇ ಕಡೆ ‘ಸೈಕಾಲಜಿ’ಗೆ ಮಾನ್ಯತೆ ಇದ್ದು, ಬೇರೊಂದು ವಿಷಯದ ಜೊತೆ ಕೂಡಿಸಿದ ಡಿಗ್ರಿಗೆ ಇಲ್ಲದಿರಬಹುದು. ಮಾನ್ಯತೆ ಇರುವ ಕೋರ್ಸನ್ನು ಕನಿಷ್ಠ ಲೋವರ್ ಸೆಕೆಂಡ್ ಕ್ಲಾಸಿನಲ್ಲಿ ಮುಗಿಸಿ, ಕೊನೆಯ ವರ್ಷದ ಸಂಶೋಧನಾ ಪ್ರಾಜೆಕ್ಟಿನಲ್ಲೂ ಪಾಸಾದರೆ ಜಿಬಿಸಿ ಎಂಬ ಅರ್ಹತೆ ಸಿಗುತ್ತದೆ. ಅಲ್ಲಿ ಸೈಕಾಲಜಿಸ್ಟ್ ಆಗುವ ಮುಂದಿನ ತರಬೇತಿಗಳಿಗೆಲ್ಲ ಅದೇ ಹೊಸ್ತಿಲು. ಎರಡರಲ್ಲಿ ಒಂದಕ್ಕೆ ಮಾನ್ಯತೆ ಇಲ್ಲದಿದ್ದರೆ ಅದರ ಮಾತು ಅಲ್ಲಿಗೇ ಬಿಡಿ.

ಎರಡಕ್ಕೂ ಇದ್ದರೆ ರ‍್ಯಾಂಕಿಂಗ್ ಬದಿಗಿಟ್ಟು ಪ್ಲೇಸ್‌ಮೆಂಟ್ ಕಚೇರಿಗೆ ಇಮೇಲ್ ಬರೆಯಿರಿ. ಪ್ರವೇಶ ವಿಭಾಗಕ್ಕಾಗಲಿ ಇಲ್ಲಿನ ಏಜೆಂಟರಿಗಾಗಲಿ ಬೇಡ. ಸೀಟು ತುಂಬಿಸುವುದು ಅವರ ಕೆಲಸ. ಮಗಳೇ ಬರೆಯಲಿ, ಹೀಗೆ ಕೇಳಲಿ: ಕಳೆದ ವರ್ಷ ಸೈಕಾಲಜಿಯಲ್ಲಿ ಪ್ಲೇಸ್‌ಮೆಂಟ್ ಬಯಸಿದವರು ಎಷ್ಟು, ಸಿಕ್ಕವರು ಎಷ್ಟು? ಅವರಲ್ಲಿ ಸ್ಟೂಡೆಂಟ್ ವೀಸಾದಲ್ಲಿದ್ದವರು ಎಷ್ಟು? ಯಾವ ಯಾವ ಸಂಸ್ಥೆಗಳಿಗೆ ಹೋದರು, ಎಷ್ಟು ಜನರಿಗೆ ಸಂಬಳ ಇತ್ತು? ಕೆಲಸದ ಜಾಗದಲ್ಲಿ ಮೇಲ್ವಿಚಾರಣೆ ಮಾಡುವವರ ವಿದ್ಯಾರ್ಹತೆ ಏನಿರಬೇಕು ಎಂಬ ನಿಯಮ ಇದೆಯೇ? ವರ್ಷದಲ್ಲಿ ಎಷ್ಟು ಸಲ ಅಧ್ಯಾಪಕರು ಬಂದು ನೋಡುತ್ತಾರೆ? ಆ ವರ್ಷಕ್ಕೆ ವಿದೇಶಿ ವಿದ್ಯಾರ್ಥಿಯ ಶುಲ್ಕ ಎಷ್ಟು? ಅಂಕಿಗಳೊಂದಿಗೆ ಉತ್ತರ ಬಂದರೆ ಅದು ಕೆಲಸ ಗೊತ್ತಿರುವ ಕಚೇರಿ. ‘ನಮ್ಮ ವಿದ್ಯಾರ್ಥಿಗಳು ಅದ್ಭುತ ಅವಕಾಶಗಳನ್ನು ಪಡೆಯುತ್ತಾರೆ’ ಎಂಬ ಸಾಲು ಮಾತ್ರ ಬಂದರೆ ಇನ್ನೊಮ್ಮೆ ಕೇಳಿ. ಮತ್ತೂ ಅದೇ ಬಂದರೆ ಅದನ್ನೇ ಉತ್ತರವೆಂದು ತಿಳಿಯಿರಿ.

ಇಷ್ಟೆಲ್ಲ ಕೇಳಬೇಕಾದ ಕಾರಣ ಇದೆ. ಬಾತ್, ಸರ್ರೆ, ಕಾರ್ಡಿಫ್, ಆಸ್ಟನ್‌ನಂಥ ವಿಶ್ವವಿದ್ಯಾಲಯಗಳು ಸೈಕಾಲಜಿಯಲ್ಲಿ ಪ್ಲೇಸ್‌ಮೆಂಟ್ ವರ್ಷವನ್ನು ನಡೆಸುತ್ತ ಬಂದಿವೆ. ಆದರೂ ಸಾಮಾನ್ಯವಾಗಿ ಜಾಗ ಹುಡುಕಿ, ಅರ್ಜಿ ಹಾಕಿ, ಇಂಟರ್‌ವ್ಯೂ ಗೆಲ್ಲಬೇಕಾದವರು ವಿದ್ಯಾರ್ಥಿಗಳೇ. ಈ ಹುಡುಕಾಟ ಎರಡನೇ ವರ್ಷದ ಮೊದಲ ಟರ್ಮ್‌ನಲ್ಲೇ ಶುರುವಾಗುತ್ತದೆ. ಅಲ್ಲಿ ಹುಟ್ಟಿ ಬೆಳೆದವರ ಕೈಯಲ್ಲಿ ಅಷ್ಟರಲ್ಲಿ ಶಾಲೆ, ವೃದ್ಧಾಶ್ರಮ, ಸಹಾಯವಾಣಿಗಳಲ್ಲಿ ಮಾಡಿದ ಸ್ವಯಂಸೇವೆಯ ಪಟ್ಟಿ ಇರುತ್ತದೆ. ನಮ್ಮ ಮಕ್ಕಳ ಕೈಯಲ್ಲಿ ಅಂಕಪಟ್ಟಿ ಮಾತ್ರ. ಹಾಗಾಗಿ ಮೊದಲ ವರ್ಷದಲ್ಲೇ ವಾರಕ್ಕೆ ಮೂರ್ನಾಲ್ಕು ಗಂಟೆ ಇಂಥದ್ದಕ್ಕೆ ಎತ್ತಿಡಬೇಕು. ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡಲು ವೀಸಾ ಬಿಡುವುದಿಲ್ಲ, ಅದು ನೆನಪಿರಲಿ. ಕೋರ್ಸಿನ ಭಾಗವಾದ ಪ್ಲೇಸ್‌ಮೆಂಟ್ ವರ್ಷ ಮಾತ್ರ ಪೂರ್ಣಾವಧಿ ಇರಬಹುದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಮೂರು ವರ್ಷಕ್ಕೆ ಸೇರಿ ಆಮೇಲೆ ಸೇರಿಸಿಕೊಳ್ಳುವುದೋ, ಮೊದಲೇ ನಾಲ್ಕು ವರ್ಷಕ್ಕೆ ಸೇರುವುದೋ. ಅಲ್ಲಿನವರಿಗೆ ಇದರಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ವೀಸಾದ ಮೇಲೆ ಹೋಗುವವರಿಗೆ ಇದೆ. ವೀಸಾ ಕೊಡುವುದು ಕೋರ್ಸಿನ ಅವಧಿ ನೋಡಿ. ಆಮೇಲೆ ಒಂದು ವರ್ಷ ಸೇರಿಸಿದರೆ ಹೊಸ ಸಿಎಎಸ್ (ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಪ್ರವೇಶ ದೃಢೀಕರಣ) ಪತ್ರ, ಹೊಸ ವೀಸಾ ಅರ್ಜಿ, ಮತ್ತೆ ಶುಲ್ಕ. ನಾಲ್ಕು ವರ್ಷಕ್ಕೆ ಸೇರಿ ಪ್ಲೇಸ್‌ಮೆಂಟ್ ಸಿಗದಿದ್ದರೆ ಮೂರು ವರ್ಷದ ಕೋರ್ಸಿಗೆ ಇಳಿಸುತ್ತಾರೆ. ಆಗ ವಿಶ್ವವಿದ್ಯಾಲಯ ಅದನ್ನು ವೀಸಾ ನೋಡಿಕೊಳ್ಳುವ ಅಲ್ಲಿನ ಹೋಮ್ ಆಫೀಸಿಗೆ ತಿಳಿಸಬೇಕು, ವೀಸಾ ಅವಧಿಯೂ ಕಡಿಮೆಯಾಗಬಹುದು. ಓದಿಗೆ ತೊಂದರೆಯಿಲ್ಲ. ಪ್ಲೇಸ್‌ಮೆಂಟ್ ಬೇಕೇ ಬೇಕು ಎಂದಿದ್ದರೆ ನಾಲ್ಕು ವರ್ಷದ ಕೋರ್ಸೇ ಒಳ್ಳೆಯದು.

ಹಣದ ಲೆಕ್ಕ ಹೀಗೆ. ಇಂಗ್ಲೆಂಡಿನಲ್ಲಿ ಸ್ಥಳೀಯ ವಿದ್ಯಾರ್ಥಿಗೆ ಪ್ಲೇಸ್‌ಮೆಂಟ್ ವರ್ಷದ ಶುಲ್ಕ ವಾರ್ಷಿಕ ಶುಲ್ಕ ಮಿತಿಯ ಶೇ. 20 ಮೀರುವಂತಿಲ್ಲ. ವಿದೇಶಿ ವಿದ್ಯಾರ್ಥಿಗೆ ಈ ರಕ್ಷಣೆ ಇಲ್ಲ, ಪ್ರತಿ ವಿಶ್ವವಿದ್ಯಾಲಯ ತನ್ನದೇ ದರ ಇಡುತ್ತದೆ. ಆದ್ದರಿಂದ ಆ ಅಂಕಿಯನ್ನು ಬರಹದಲ್ಲಿ ತರಿಸಿಕೊಳ್ಳಿ. ಆರೋಗ್ಯ ಸೇವೆಗೆಂದು ಕಟ್ಟುವ ಐಎಚ್‌ಎಸ್ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್, ಪೂರ್ತಿ ಮೊತ್ತ ವೀಸಾ ಅರ್ಜಿಯ ಜೊತೆಗೇ ಹೋಗಬೇಕು. ಕೋರ್ಸ್ ಮುಗಿದ ಮೇಲಿನ ನಾಲ್ಕು ತಿಂಗಳೂ ವೀಸಾದೊಳಗೆ ಬರುವುದರಿಂದ ಮೂರು ವರ್ಷದ ಡಿಗ್ರಿಗೆ ಸಾಮಾನ್ಯವಾಗಿ ಮೂರೂವರೆ ವರ್ಷದ ಲೆಕ್ಕ, 2,716 ಪೌಂಡ್. ನಾಲ್ಕು ವರ್ಷದ್ದಕ್ಕೆ ನಾಲ್ಕೂವರೆ, 3,492 ಪೌಂಡ್. ಜೀವನವೆಚ್ಚಕ್ಕೆ ತೋರಿಸಬೇಕಾದ ಹಣ, 2025ರ ನವೆಂಬರ್‌ನಿಂದ, ಲಂಡನ್ ಹೊರಗಾದರೆ ತಿಂಗಳಿಗೆ 1,171 ಪೌಂಡ್‌ನಂತೆ ಒಂಬತ್ತು ತಿಂಗಳಿಗೆ 10,539. ಲಂಡನ್ನಿನಲ್ಲಾದರೆ ತಿಂಗಳಿಗೆ 1,529. ಈ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ಊರಿನಲ್ಲಿ ಅನೇಕರು ಎಡವುವುದು ಇಲ್ಲೇ: ನಡುವೆ ಒಂದು ದಿನ ಮದುವೆ ಖರ್ಚಿಗೋ ಮತ್ತೊಂದಕ್ಕೋ ತೆಗೆದು ಮರುದಿನ ತುಂಬಿದರೂ 28 ದಿನದ ಎಣಿಕೆ ಮೊದಲಿಂದ ಶುರು.

ಪ್ಲೇಸ್‌ಮೆಂಟ್ ವರ್ಷದ ಸಂಬಳದಿಂದ ಖರ್ಚು ನೀಗುತ್ತದೆ ಎಂದು ಲೆಕ್ಕ ಹಾಕಬೇಡಿ. ಮಾರುಕಟ್ಟೆ ಸಂಶೋಧನೆ, ಎಚ್‌ಆರ್ ಕಡೆ ಸಂಬಳ ಇರುತ್ತದೆ. ಆಸ್ಪತ್ರೆ, ಚಿಕಿತ್ಸಾ ತಂಡ, ವಿಶ್ವವಿದ್ಯಾಲಯದ ಪ್ರಯೋಗಾಲಯಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ, ಇದ್ದರೆ ಬಸ್ಸಿನ ಖರ್ಚಷ್ಟೇ. ಸೈಕಾಲಜಿ ಮಕ್ಕಳು ಆಸೆಪಡುವುದು ಸಂಬಳವಿಲ್ಲದ ಆ ಜಾಗಗಳಿಗೇ. ಆ ವರ್ಷದ ಊಟ, ಬಾಡಿಗೆಯ ಹಣ ಊರಿನಿಂದಲೇ ಹೋಗುತ್ತದೆ ಎಂದುಕೊಂಡು ನಿರ್ಧರಿಸಿ.

ಮಕ್ಕಳ ಜೊತೆ ಅಥವಾ ರೋಗಿಗಳ ಜೊತೆ ಕೆಲಸವಾದರೆ ಪೊಲೀಸ್ ಪರಿಶೀಲನೆ ಕೇಳುತ್ತಾರೆ. ಅಲ್ಲಿನ ಡಿಬಿಎಸ್ ಎಂಬ ಅಪರಾಧ ದಾಖಲೆಯ ತಪಾಸಣೆಗೆ ಭಾರತದ ದಾಖಲೆ ಕಾಣುವುದಿಲ್ಲವಾದ್ದರಿಂದ ನಮ್ಮ ದೇಶದ ಪಿಸಿಸಿ, ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ಕೇಳುವುದುಂಟು. ಅದನ್ನು ಆಗ ಅಲ್ಲಿಂದಲೇ ಭಾರತೀಯ ಹೈಕಮಿಷನ್ ಮೂಲಕ ಮಾಡಿಸಬಹುದು, ಎರಡು ವರ್ಷ ಮೊದಲೇ ಮಾಡಿಸಿಟ್ಟು ಪ್ರಯೋಜನವಿಲ್ಲ. ಈಗಲೇ ಪೆಟ್ಟಿಗೆಗೆ ಹಾಕಬೇಕಾದ್ದು ಬೇರೆ: ಬಾಲ್ಯದ ಚುಚ್ಚುಮದ್ದಿನ ಕಾರ್ಡ್. ಆಸ್ಪತ್ರೆಯ ಪ್ಲೇಸ್‌ಮೆಂಟಿಗೆ ದಡಾರ, ಹೆಪಟೈಟಿಸ್ ಬಿ ಮುಂತಾದವುಗಳ ದಾಖಲೆ ಕೇಳುತ್ತಾರೆ. ಕಾರ್ಡ್ ಕಳೆದಿದ್ದರೆ ರಕ್ತಪರೀಕ್ಷೆ, ಮರು ಡೋಸ್ ಎಂದು ವಾರಗಟ್ಟಲೆ ತಡವಾಗುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಒಂದೇ ರೀತಿ. ವಿದ್ಯಾರ್ಥಿನಿ ಹೋಗಿ ಸೇರುತ್ತಾಳೆ, ಕರೆದುಕೊಂಡ ಸೈಕಾಲಜಿಸ್ಟ್ ಎರಡು ತಿಂಗಳಲ್ಲಿ ಬೇರೆಡೆಗೆ ಹೋಗುತ್ತಾರೆ, ಉಳಿದವರಿಗೆ ಇವಳ ಜವಾಬ್ದಾರಿ ಇಲ್ಲ. ಆಮೇಲೆ ಫೋಟೊಕಾಪಿ, ಅಪಾಯಿಂಟ್‌ಮೆಂಟ್ ಫೋನು, ಎಕ್ಸೆಲ್ ಶೀಟು. ಇದನ್ನು ತಡೆಯುವುದು ಸೇರುವ ಮೊದಲೇ ವಿದ್ಯಾರ್ಥಿ, ವಿಶ್ವವಿದ್ಯಾಲಯ, ಕೆಲಸದ ಸಂಸ್ಥೆ ಮೂರು ಕಡೆಯವರೂ ಸಹಿ ಹಾಕಿದ ಕಲಿಕೆಯ ಒಪ್ಪಂದ: ಮೇಲ್ವಿಚಾರಕರ ಹೆಸರು, ಅವರಿಲ್ಲದಿದ್ದರೆ ಇನ್ನೊಬ್ಬರ ಹೆಸರು, ವಾರಕ್ಕೆ ಎಷ್ಟು ಹೊತ್ತು ಕೂತು ಮಾತನಾಡುತ್ತಾರೆ, ವಿದ್ಯಾರ್ಥಿ ಬರೆದ ವರದಿಯನ್ನು ಯಾರು ಓದುತ್ತಾರೆ. ಇಂಥ ಒಪ್ಪಂದದ ನಮೂನೆ ಕಳಿಸಿ ಎಂದು ಎರಡೂ ವಿಶ್ವವಿದ್ಯಾಲಯಗಳನ್ನು ಕೇಳಿ. ಎರಡು ನಮೂನೆ ಪಕ್ಕಪಕ್ಕ ಇಟ್ಟು ಓದಿದರೆ ರ‍್ಯಾಂಕಿಂಗ್ ಪಟ್ಟಿ ಹೇಳದ್ದು ಕಾಣುತ್ತದೆ. ನೀವು ಬರೆದಷ್ಟು ವಿವರದ ಮೇಲೆ ನಮ್ಮ ಒಲವು ನಾಲ್ಕು ವರ್ಷದ ಕೋರ್ಸಿನ ಕಡೆಗೆ. ಇಮೇಲಿಗೆ ಬರುವ ಉತ್ತರ ಕಳಪೆಯಾಗಿದ್ದರೆ ಮಾತ್ರ ಮನಸ್ಸು ಬದಲಿಸಿ.

ಪ್ರಶ್ನೆ: ಮಂಗಳೂರಿನಲ್ಲೇ ಬಿಎ ಅಥವಾ ಬಿಎಸ್‌ಸಿ ಸೈಕಾಲಜಿ ಮಾಡಬೇಕೆಂದಿದ್ದೇನೆ. ಎಲ್ಲ ಕಾಲೇಜಿನ ಬ್ರೋಷರಿನಲ್ಲೂ ‘ಇಂಟರ್ನ್‌ಶಿಪ್ ಸಹಿತ’ ಎಂದಿದೆ. ಹೇಗೆ ತೂಗುವುದು? (ವಿದ್ಯಾರ್ಥಿನಿ, ಕುಲಶೇಖರ)

ಉತ್ತರ: ಗಂಟೆಯಲ್ಲಿ ತೂಗಿ. ಯುಜಿಸಿ ಲೆಕ್ಕದಲ್ಲಿ ಇಂಟರ್ನ್‌ಶಿಪ್ಪಿನ ಒಂದು ಕ್ರೆಡಿಟ್ ಎಂದರೆ 30 ಗಂಟೆ. ನಾಲ್ಕು ಕ್ರೆಡಿಟ್ ಇದ್ದರೆ 120 ಗಂಟೆ. ದಿನಕ್ಕೆ ಆರು ಗಂಟೆಯಂತೆ 20 ದಿನ. ಬ್ರೋಷರಿನ ಆ ಒಂದು ಪದದ ಹಿಂದೆ 20 ದಿನವೂ ಇರಬಹುದು, ಎರಡು ಕ್ರೆಡಿಟ್ಟಿನ 10 ದಿನವೂ ಇರಬಹುದು, ಒಂದು ದಿನದ ಆಸ್ಪತ್ರೆ ಭೇಟಿಯೂ ಇರಬಹುದು. ಸಿಲೆಬಸ್ ಪುಸ್ತಕ ಕೇಳಿ ಕ್ರೆಡಿಟ್ ನೋಡಿ.

ನಮ್ಮ ಎರಡು ಜಿಲ್ಲೆಗಳಿಗೆ ದೊಡ್ಡ ಅನುಕೂಲ ಇದೆ, ಅದನ್ನು ಬಳಸಿಕೊಳ್ಳಿ. ಹಂಪನಕಟ್ಟೆಯ ಬಳಿ ಸರ್ಕಾರಿ ವೆನ್ಲಾಕ್ ಆಸ್ಪತ್ರೆ, ಕಂಕನಾಡಿಯಲ್ಲಿ ಫಾದರ್ ಮುಲ್ಲರ್, ದೇರಳಕಟ್ಟೆಯಲ್ಲಿ ನಿಟ್ಟೆಯ ಕೆ.ಎಸ್. ಹೆಗ್ಡೆ ಆಸ್ಪತ್ರೆ ಮತ್ತು ಯೆನೆಪೋಯ, ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಎ.ವಿ. ಬಾಳಿಗಾ ಆಸ್ಪತ್ರೆ, ಮಣಿಪಾಲದಲ್ಲಿ ಕಸ್ತೂರ್ಬಾ. ಮನೋವೈದ್ಯಕೀಯ ಸೇವೆ ಇಷ್ಟು ಹತ್ತಿರ ಹತ್ತಿರ ಸಿಗುವ ಊರುಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಸಮಾಜಕಾರ್ಯದ ಕಡೆ ವಾಲುವವರಿಗೆ 1960ರಲ್ಲಿ ಶುರುವಾದ ವೆಲೆನ್ಸಿಯಾದ ರೋಶನಿ ನಿಲಯ ಇದೆ. ಅಲ್ಲಿ ಸೈಕಾಲಜಿಯ ಜೊತೆಗೆ ಅಪರಾಧಶಾಸ್ತ್ರವನ್ನೂ ಓದಬಹುದು.

ಮಂಗಳೂರು ವಿಶ್ವವಿದ್ಯಾಲಯದ, ಸ್ವಾಯತ್ತವಲ್ಲದ ಸಂಯೋಜಿತ ಕಾಲೇಜಾದರೆ ಸಿಲೆಬಸ್ ಕೊಣಾಜೆಯ ವಿಶ್ವವಿದ್ಯಾಲಯದಿಂದ ಬರುತ್ತದೆ, ಎಲ್ಲ ಕಡೆ ಒಂದೇ. ರಾಜ್ಯ ಸರ್ಕಾರ ನಾಲ್ಕು ವರ್ಷದ ಪದ್ಧತಿ ಕೈಬಿಟ್ಟದ್ದರಿಂದ 2024–25ರಿಂದ ಅಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ. ಮಣಿಪಾಲದ ಮಾಹೆ, ನಿಟ್ಟೆ, ಯೆನೆಪೋಯ, 2024ರಲ್ಲಿ ಡೀಮ್ಡ್ ಆದ ಸಂತ ಅಲೋಶಿಯಸ್ ಇವೆಲ್ಲ ತಮ್ಮ ಸಿಲೆಬಸ್ಸನ್ನು ತಾವೇ ಮಾಡಿಕೊಳ್ಳುತ್ತವೆ, ಶುಲ್ಕವನ್ನೂ. ಸ್ವಾಯತ್ತವಲ್ಲದ ಸಂಯೋಜಿತ ಕಾಲೇಜುಗಳ ನಡುವೆ ಆರಿಸುವಾಗ ಪಾಠದಲ್ಲಿ ವ್ಯತ್ಯಾಸ ಹುಡುಕಿ ಫಲವಿಲ್ಲ. ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು, ಲ್ಯಾಬಿನಲ್ಲಿ ಪರೀಕ್ಷಾ ಸಾಮಗ್ರಿ ಪೆಟ್ಟಿಗೆಯಿಂದ ಹೊರಗೆ ಬರುತ್ತದೆಯೇ, ಆಸ್ಪತ್ರೆಯ ಜೊತೆ ಬರಹದ ಒಪ್ಪಂದ ಇದೆಯೇ, ಇಷ್ಟು ನೋಡಿ.

ಲ್ಯಾಬ್ ಏಕೆ ಮುಖ್ಯ ಎಂಬುದಕ್ಕೆ ಒಂದು ಸಣ್ಣ ಪರೀಕ್ಷೆ ಸಾಕು. ಅಂಕಿಗಳನ್ನು ಓದಿ ಹೇಳಿ ಎದುರಿನವರಿಂದ ಅದೇ ಕ್ರಮದಲ್ಲಿ ಹೇಳಿಸುವ ಸ್ಮರಣೆಯ ಪರೀಕ್ಷೆ ಅನೇಕ ಸಿಲೆಬಸ್ಸುಗಳಲ್ಲಿ ಇದೆ. ನೋಡಲು ಮಕ್ಕಳಾಟ. ಆದರೆ ಸೆಕೆಂಡಿಗೆ ಒಂದೇ ಅಂಕಿ, ಒಂದೇ ಸ್ವರದಲ್ಲಿ ಓದಬೇಕು. ಹೊಸಬರು ಗೊತ್ತಿಲ್ಲದೆಯೇ ‘ಐದು ಎಂಟು ಎರಡು’ ಎಂದು ಸ್ವಲ್ಪ ತಡೆದು ‘ಒಂಬತ್ತು ನಾಲ್ಕು ಏಳು’ ಎನ್ನುತ್ತಾರೆ, ಮೊಬೈಲ್ ನಂಬರ್ ಹೇಳಿದ ಹಾಗೆ. ಆ ಚಿಕ್ಕ ತಡೆಯಿಂದ ಆರು ಅಂಕಿ ಎರಡು ಗುಂಪಾಗುತ್ತವೆ, ನೆನಪಿಡುವುದು ಸುಲಭವಾಗುತ್ತದೆ, ಅಂಕ ಏರುತ್ತದೆ. ಮರೆವಿನ ದೂರು ಹೇಳಿಕೊಂಡು ಬಂದ ಹಿರಿಯರಿಗೆ ಏನೂ ತೊಂದರೆಯಿಲ್ಲ ಎಂಬ ತಪ್ಪು ವರದಿ ಹೋಗಬಹುದು. ಪುಸ್ತಕ ಓದಿ ಇದು ತಿಳಿಯುವುದಿಲ್ಲ; ಪಕ್ಕದಲ್ಲಿ ಕೂತ ಮೇಲ್ವಿಚಾರಕರು ‘ತಡೆಯಬೇಡ, ಮತ್ತೆ ಓದು’ ಎಂದಾಗಲೇ ಕಿವಿಗೆ ಬೀಳುವುದು. ಅಂಥ ಒಬ್ಬರು ಪಕ್ಕದಲ್ಲಿ ಕೂರುತ್ತಾರೆಯೇ ಎಂಬುದನ್ನು ಆ ಕಾಲೇಜಿನ ಮೂರನೇ ವರ್ಷದ ವಿದ್ಯಾರ್ಥಿಗಳನ್ನೇ ಕೇಳಿ. ಇಂಟರ್ನ್‌ಶಿಪ್ಪಿನ ಕೆಲಸ ಬರೆದಿಡುವ ಅವರ ಲಾಗ್‌ಬುಕ್ ತೋರಿಸಲು ಹೇಳಿ. ಪುಟಗಳ ಬದಿಯಲ್ಲಿ ಕೆಂಪು ಶಾಯಿಯ ತಿದ್ದುಪಡಿ ಇದ್ದರೆ ಸೇರಬಹುದು. ಕೊನೆಯ ಪುಟದಲ್ಲಿ ಒಂದು ಸಹಿ, ಒಂದು ಸೀಲು ಮಾತ್ರ ಇದ್ದರೆ ಯೋಚಿಸಿ.

ಡಿಗ್ರಿ ಹಂತದಲ್ಲಿ ಚಿಕಿತ್ಸೆ ಕೊಡಲು ಬಿಡುವುದಿಲ್ಲ, ಬಿಡಲೂಬಾರದು. ನೋಡುವುದು, ರೋಗಿಯ ಹಿನ್ನೆಲೆ ಕೇಳಿ ಬರೆಯುವುದು, ಮೇಲ್ವಿಚಾರಣೆಯಲ್ಲಿ ಸರಳ ಪರೀಕ್ಷೆ ನಡೆಸುವುದು, ಇಷ್ಟೇ. ‘ಮೊದಲ ವಾರದಿಂದಲೇ ಕೌನ್ಸೆಲಿಂಗ್ ಮಾಡಿಸುತ್ತೇವೆ’ ಎಂದು ಹೆಮ್ಮೆಯಿಂದ ಹೇಳುವ ಜಾಗದಿಂದ ದೂರ ಇರಿ. ರೋಗಿಯ ವಿಷಯ ಗುಟ್ಟಾಗಿರುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಕೊಟ್ಟ ಹಕ್ಕು. ಲಾಗ್‌ಬುಕ್ಕಿನಲ್ಲಿ ಹೆಸರು, ಊರು, ಮನೆತನ ಬರೆಯಬೇಡಿ. ನಮ್ಮ ಕಡೆ ಊರು ಮತ್ತು ಮನೆ ಹೆಸರು ಹೇಳಿದರೆ ಸಾಕು, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಯಾರೆಂದು ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ನಾನು ಕೆಲಸದಲ್ಲಿದ್ದೇನೆ. ದೂರಶಿಕ್ಷಣದಲ್ಲಿ ಸೈಕಾಲಜಿ ಮಾಡಿ ಪಕ್ಕದಲ್ಲೇ ಇಂಟರ್ನ್‌ಶಿಪ್ ಮಾಡಿಕೊಂಡರೆ ಆಗದೇ? (ಪುತ್ತೂರು)

ಉತ್ತರ: ಆ ದಾರಿ ಮುಚ್ಚಿದೆ. 2021ರ ಅಲೈಡ್ ಆ್ಯಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು, ಸೈಕಾಲಜಿಯೂ ಸೇರಿ, ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮದಲ್ಲಿ ನಡೆಸಬಾರದೆಂದು ಯುಜಿಸಿ 2025ರ ಜುಲೈ–ಆಗಸ್ಟ್ ಸಾಲಿನಿಂದ ನಿಲ್ಲಿಸಿದೆ. ಈಗಲೂ ಯಾರಾದರೂ ದೂರಶಿಕ್ಷಣದ ಸೈಕಾಲಜಿ ಡಿಗ್ರಿಗೆ ಅಡ್ಮಿಷನ್ ಇದೆ ಎಂದು ಫೋನ್ ಮಾಡಿದರೆ ಹಣ ಕಟ್ಟಬೇಡಿ. ಕೆಲಸ ಬಿಡಲಾಗದಿದ್ದರೆ ಸದ್ಯ ಸ್ವಯಂಸೇವೆ ಮಾಡುತ್ತ, ಬಿಡುವಾದಾಗ ರೆಗ್ಯುಲರ್ ಕೋರ್ಸಿಗೆ ಸೇರುವುದೇ ಸರಿ.

ಪ್ರಶ್ನೆ: ಬ್ರಿಟನ್ನಿನಲ್ಲಿ ಡಿಗ್ರಿ, ಪ್ಲೇಸ್‌ಮೆಂಟ್ ಎಲ್ಲ ಮುಗಿಸಿ ಊರಿಗೆ ಬಂದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಬಹುದೇ? (ಕಾರ್ಕಳ)

ಉತ್ತರ: ಹಾಕುವಂತಿಲ್ಲ. ಇಲ್ಲಿ ಡಿಗ್ರಿ ಮಾಡಿದವರಿಗೂ ಇದೇ ಉತ್ತರ, ಅಲ್ಲೇ ಉಳಿದವರಿಗೂ ಇದೇ. ಬ್ರಿಟನ್ನಿನಲ್ಲಿ ಕ್ಲಿನಿಕಲ್, ಕೌನ್ಸೆಲಿಂಗ್, ಎಜುಕೇಶನಲ್ ಮುಂತಾದ ಬಿರುದುಗಳಿಗೆ ಎಚ್‌ಸಿಪಿಸಿ ಎಂಬ ಸಂಸ್ಥೆಯ ಕಾನೂನು ರಕ್ಷಣೆ ಇದೆ. ಕ್ಲಿನಿಕಲ್ ಆಗಲು ಡಿಗ್ರಿಯ ಮೇಲೆ ಮೂರು ವರ್ಷದ ಡಾಕ್ಟರೇಟ್ ಬೇಕು. ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಹಣದಲ್ಲಿ ನಡೆಯುವ ಆ ಸೀಟುಗಳು ಬಹುಪಾಲು ಅಲ್ಲಿನ ನಿವಾಸಿ ಅರ್ಹತೆ ಇರುವವರಿಗೆ. ಓದು ಮುಗಿದ ಮೇಲೆ ಉಳಿದು ಕೆಲಸ ಮಾಡಲು ಬಿಡುವ ಗ್ರ್ಯಾಜುಯೇಟ್ ವೀಸಾ ಕೂಡ 2027ರ ಜನವರಿ 1ರಿಂದ ಹಾಕುವ ಅರ್ಜಿಗಳಿಗೆ ಎರಡು ವರ್ಷದಿಂದ 18 ತಿಂಗಳಿಗೆ ಇಳಿಯುತ್ತದೆ. ಈಗ ಹೊರಡುವವರು ಆ 18 ತಿಂಗಳನ್ನೇ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ದೇಶದಲ್ಲಿ 2017ರ ಕಾಯ್ದೆಯ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಮಂಡಳಿ ಒಪ್ಪಿದ ತರಬೇತಿ ಬೇಕು. ಇಷ್ಟು ಕಾಲ ಆ ದಾರಿ ಎಂಎ ಅಥವಾ ಎಂಎಸ್‌ಸಿ, ಅದರ ಮೇಲೆ ಎರಡು ವರ್ಷದ ಎಂ.ಫಿಲ್. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಣಿಪಾಲ ಇದಕ್ಕೆ ಹೆಸರಾದವು. ಯುಜಿಸಿ ಎಂ.ಫಿಲ್ ಅನ್ನೇ ತೆಗೆದುಹಾಕಿ, ಈ ಒಂದು ವಿಷಯಕ್ಕೆ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕಿಗೆ ಮಾತ್ರ 2025–26ರ ಪ್ರವೇಶದವರೆಗೆ ಅವಕಾಶ ಕೊಟ್ಟಿತು. ಅದರ ಜಾಗಕ್ಕೆ ಆರ್‌ಸಿಐ ಕ್ಲಿನಿಕಲ್ ಸೈಕಾಲಜಿಯಲ್ಲಿ ನಾಲ್ಕು ವರ್ಷದ ಬಿಎಸ್‌ಸಿ ಆನರ್ಸ್, ಎಂಎ, ಸೈ.ಡಿ. (ಡಾಕ್ಟರೇಟ್) ಎಂಬ ಹೊಸ ಮೆಟ್ಟಿಲುಗಳನ್ನು ತಂದಿದೆ. ಹಳೆಯ ಸೀನಿಯರ್ ಹೇಳಿದ ದಾರಿ ಹಿಡಿಯುವ ಮೊದಲು ಆರ್‌ಸಿಐ ಜಾಲತಾಣದಲ್ಲಿ ಆ ವರ್ಷದ ಮಾನ್ಯತೆ ಪಟ್ಟಿಯಲ್ಲಿ ಸಂಸ್ಥೆಯ ಹೆಸರು, ಕೋರ್ಸಿನ ಹೆಸರು ಎರಡೂ ಇವೆಯೇ ನೋಡಿ.

ವಿದೇಶದಿಂದ ಬರುವವರು ಡಿಗ್ರಿಗೆ ಇಲ್ಲಿ ಸಮಾನತೆಯ ಪತ್ರ ಪಡೆಯಬೇಕು. ಇದಕ್ಕೆ ಯುಜಿಸಿ 2025ರಲ್ಲಿ ಹೊಸ ನಿಯಮ ತಂದಿದೆ. ಫ್ರಾಂಚೈಸಿ ವ್ಯವಸ್ಥೆಯಲ್ಲಿ ಪಡೆದ ಡಿಗ್ರಿ ಅದರಡಿ ಒಪ್ಪಿಗೆಯಾಗುವುದಿಲ್ಲ. ಬ್ರಿಟನ್ನಿನಲ್ಲಿ ಕೆಲವು ವಿಶ್ವವಿದ್ಯಾಲಯಗಳ ಹೆಸರಿನಲ್ಲಿ ಬೇರೆ ಖಾಸಗಿ ಕಾಲೇಜು ಪಾಠ ಮಾಡುವುದುಂಟು, ಆಫರ್ ಪತ್ರದಲ್ಲಿ ತರಗತಿ ನಡೆಯುವ ಜಾಗದ ವಿಳಾಸ ಓದಿ. ಪ್ಲೇಸ್‌ಮೆಂಟಿನ ಗಂಟೆ, ಮೇಲ್ವಿಚಾರಕರ ಹುದ್ದೆ, ಮಾಡಿದ ಕೆಲಸ ಇಷ್ಟನ್ನೂ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಂಡೇ ಹೊರಡಿ. ಅದು ಇಲ್ಲಿನ ಲೈಸೆನ್ಸ್‌ಗೆ ಎಣಿಕೆಯಾಗದಿದ್ದರೂ ಎಂಎಸ್‌ಸಿ ಇಂಟರ್‌ವ್ಯೂನಲ್ಲಿ ಬಹಳ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಇನ್‌ಸ್ಟಾಗ್ರಾಮಿನಲ್ಲಿ 15 ದಿನದ ಆನ್‌ಲೈನ್ ಇಂಟರ್ನ್‌ಶಿಪ್, ಹಣ ಕಟ್ಟಿದರೆ ಸರ್ಟಿಫಿಕೇಟ್ ಎಂದು ಜಾಹೀರಾತು ಬರುತ್ತದೆ. ಪ್ರಯೋಜನ ಇದೆಯೇ? (ಕುಂದಾಪುರ)

ಉತ್ತರ: ರೆಕಾರ್ಡ್ ಮಾಡಿದ ಉಪನ್ಯಾಸ ಕೇಳಿದ್ದಕ್ಕೆ ಸರ್ಟಿಫಿಕೇಟ್ ಸಿಗುತ್ತದೆ, ರೋಗಿಯನ್ನು ನೀವು ನೋಡಿರುವುದಿಲ್ಲ, ನೀವು ಬರೆದದ್ದನ್ನು ಯಾರೂ ಓದಿರುವುದಿಲ್ಲ. ಸಂದರ್ಶನದಲ್ಲಿ ‘ಒಂದು ಕೇಸ್ ಹೇಳು’ ಎಂದರೆ ಬಾಯಿ ಕಟ್ಟುತ್ತದೆ. ಆ ಹಣ ಕುಂದಾಪುರದಿಂದ ಮಣಿಪಾಲಕ್ಕೆ ಬಸ್ಸಿಗೆ ಇಡಿ. ಬೆಳಗ್ಗೆ 9ಕ್ಕೆ ಓಪಿಡಿ ತಲುಪುವ ಹಾಗೆ ಹೊರಡಬಹುದು. ಮಂಗಳೂರಾದರೆ ಹೋಗಿಬರಲು ದಿನಕ್ಕೆ ನಾಲ್ಕೈದು ಗಂಟೆ ಬಸ್ಸಿನಲ್ಲೇ ಹೋಗುತ್ತದೆ, ಅಲ್ಲಿ ಇಂಟರ್ನ್‌ಶಿಪ್ ಆದರೆ 20 ದಿನಕ್ಕೆ ಪಿಜಿ ಹಿಡಿಯಿರಿ. ದಣಿದು ಬಂದವರು ರಾತ್ರಿ ಕೇಸ್ ಬರೆಯುವುದಿಲ್ಲ, ಮರುದಿನ ನೆನಪಿನಿಂದ ಬರೆದದ್ದರಲ್ಲಿ ಅರ್ಧ ಸ್ವಂತ ಊಹೆ ಸೇರಿರುತ್ತದೆ.

ಪ್ರಶ್ನೆ: ಮಗ ಕನ್ನಡ ಮಾಧ್ಯಮ, ಮನೆಮಾತು ತುಳು. ಸೈಕಾಲಜಿ ಪುಸ್ತಕವೆಲ್ಲ ಇಂಗ್ಲಿಷ್. ಇಂಟರ್ನ್‌ಶಿಪ್ಪಿನಲ್ಲಿ ಹಿಂದೆ ಬೀಳುತ್ತಾನೆಯೇ? (ತಾಯಿ, ಮೂಡುಬಿದಿರೆ)

ಉತ್ತರ: ಪರೀಕ್ಷೆಯಲ್ಲಿ ಮೊದಲ ವರ್ಷ ಕಷ್ಟಪಡುತ್ತಾನೆ, ಸುಳ್ಳು ಹೇಳುವುದಿಲ್ಲ. ದಿನಕ್ಕೆ ಎರಡು ಪುಟ ಇಂಗ್ಲಿಷ್ ಪಠ್ಯವನ್ನು ಓದಿ ತನ್ನ ಮಾತಿನಲ್ಲಿ ಇಂಗ್ಲಿಷಿನಲ್ಲೇ ಐದು ಸಾಲು ಬರೆಯಲಿ, ಒಂದು ಸೆಮಿಸ್ಟರಿನಲ್ಲಿ ದಾರಿಗೆ ಬರುತ್ತದೆ. ಆದರೆ ಓಪಿಡಿಯಲ್ಲಿ ಅವನೇ ಮುಂದೆ.

ಬೆಳ್ತಂಗಡಿ ಕಡೆಯ ಹೆಂಗಸೊಬ್ಬರು ಬಂದು ‘ಬೇಜಾರ್’ ಎನ್ನುತ್ತಾರೆ ಎಂದುಕೊಳ್ಳಿ. ಇಂಗ್ಲಿಷಿನಲ್ಲಷ್ಟೇ ಓದಿದ ವಿದ್ಯಾರ್ಥಿ ಕೂಡಲೇ ‘ಡಿಪ್ರೆಶನ್’ ಎಂದು ಬರೆದುಕೊಳ್ಳುತ್ತಾನೆ. ಬೇಜಾರು ಎಂದರೆ ದುಃಖವೂ ಆಗಬಹುದು, ಬೇಸರವೂ ಆಗಬಹುದು, ಮನೆಯವರ ಮೇಲಿನ ಮುನಿಸೂ ಆಗಬಹುದು. ಮಂಡೆಬೆಚ್ಚ ಎಂದರೆ ಜ್ವರ ಅಲ್ಲ, ಚಿಂತೆ. ಅದನ್ನು ತಲೆನೋವು ಎಂದು ಬರೆದ ಕೇಸ್ ಶೀಟ್ ರೋಗಿಯನ್ನು ಬೇರೆ ವಿಭಾಗಕ್ಕೇ ಕಳಿಸಿಬಿಡಬಹುದು. ಯಾವಾಗಿನಿಂದ ಎಂದು ಕೇಳಿದರೆ ತಾರೀಕು ಹೇಳುವುದಿಲ್ಲ, ‘ಆಟಿಯಿಂದ’ ಎನ್ನುತ್ತಾರೆ. ಅದು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಎಂದು ತಿಳಿದವನಿಗೆ ತಿಂಗಳ ಲೆಕ್ಕ ತಕ್ಷಣ ಸಿಗುತ್ತದೆ. ಎರಡು ವಾರದ ತೊಂದರೆಯೋ ಆರು ತಿಂಗಳದ್ದೋ ಎಂಬುದರ ಮೇಲೆಯೇ ರೋಗನಿರ್ಣಯ ನಿಂತಿರುವಾಗ ಇದು ಸಣ್ಣ ವಿಷಯವಲ್ಲ.

ಕೇಸ್ ಶೀಟಿನಲ್ಲಿ ರೋಗಿಯ ದೂರನ್ನು ಅವರದೇ ಮಾತಿನಲ್ಲಿ, ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು ಎಂಬುದು ಕಲಿಸುವ ಮೊದಲ ನಿಯಮ. ಮಗ ತುಳುವನ್ನು ಕನ್ನಡ ಲಿಪಿಯಲ್ಲಿ ಹಾಗೇ ಬರೆಯಲಿ, ಪಕ್ಕದಲ್ಲಿ ಇಂಗ್ಲಿಷ್ ಅರ್ಥ ಕೊಡಲಿ. ಗಂಡ ಅಥವಾ ಅತ್ತೆ ದುಭಾಷಿಯಾಗಿ ಕೂತರೆ ಹೆಂಗಸಿನ ನಾಲ್ಕು ಸಾಲು ಅವರ ಬಾಯಲ್ಲಿ ಒಂದು ಸಾಲಾಗುತ್ತದೆ. ಆ ಭಾಷೆ ಬಲ್ಲ ವಿದ್ಯಾರ್ಥಿ ಇದ್ದರೆ ಅವರನ್ನು ಹೊರಗೆ ಕೂರಿಸಬಹುದು. ಬ್ಯಾರಿ, ಕೊಂಕಣಿ ಬಲ್ಲವರಿಗೂ ಇದೇ ಮಾತು. ಒಂದು ಎಚ್ಚರಿಕೆ: ರೋಗಿ ದೈವದ ಉಪದ್ರ, ಸೋಂಕು ಎಂದರೆ ನಗಬಾರದು, ತಿದ್ದಲೂಬಾರದು. ಯಾರ ಬಳಿ ಹೋಗಿದ್ದಿರಿ, ಏನು ಹೇಳಿದರು, ಆಮೇಲೆ ಹೇಗಿತ್ತು ಎಂದು ಕೇಳಿ ಬರೆದುಕೊಳ್ಳಬೇಕು. ಊರಿನ ಹುಡುಗನೆಂದು ನಂಬಿ ಹೇಳಿದ್ದನ್ನು ಊರಿನಲ್ಲಿ ಯಾರಿಗೂ ಹೇಳಬಾರದು.

ಪ್ರಶ್ನೆ: ಪಿಯುಸಿಯಲ್ಲಿ ಕಾಮರ್ಸ್. ಸೈಕಾಲಜಿಗೆ ಸೀಟು ಸಿಗುತ್ತದೆಯೇ? ಬ್ರಿಟನ್ನಿಗೆ ಮುಂದಿನ ವರ್ಷ ಪ್ರಯತ್ನಿಸುವುದಾದರೆ ಯಾವಾಗ ಶುರು ಮಾಡಲಿ? (ಬಂಟ್ವಾಳ)

ಉತ್ತರ: ಬಿಎಗೆ ಯಾವ ವಿಭಾಗದವರಿಗೂ ಅಡ್ಡಿಯಿಲ್ಲ. ನಿಮಗೆ ಸಂಖ್ಯಾಶಾಸ್ತ್ರ ಇದ್ದಿದ್ದರೆ ಅದು ಲಾಭವೇ; ಈ ಡಿಗ್ರಿಯಲ್ಲಿ ಮಕ್ಕಳು ಹೆಚ್ಚು ಹೆದರುವುದು ಅದಕ್ಕೇ. ಬ್ರಿಟನ್ನಿನ ಕೆಲವು ಬಿಎಸ್‌ಸಿಗಳು ವಿಜ್ಞಾನ ಅಥವಾ ಗಣಿತ ಕೇಳುತ್ತವೆ, ಎಷ್ಟೋ ಕೇಳುವುದಿಲ್ಲ. ಪ್ರತಿ ಪುಟದಲ್ಲಿ ‘ಇಂಡಿಯಾ’ ಭಾಗ ತೆರೆದು ನೋಡಿ. ಸಿಬಿಎಸ್‌ಇಗೆ ಒಂದು ಶೇಕಡಾವಾರು, ರಾಜ್ಯ ಬೋರ್ಡಿಗೆ ಬೇರೆ ಎಂದು ಬರೆದಿರುತ್ತದೆ, ಕರ್ನಾಟಕದ ಪಿಯುಸಿ ಎರಡನೆಯದರಲ್ಲಿ ಬರುತ್ತದೆ. ಯುಕ್ಯಾಸ್ ಎಂಬ ಬ್ರಿಟನ್ನಿನ ಪ್ರವೇಶ ಅರ್ಜಿ ವ್ಯವಸ್ಥೆಯಲ್ಲಿ ಐದು ಕೋರ್ಸಿಗೆ ಒಟ್ಟಿಗೆ ಅರ್ಜಿ ಹಾಕಬಹುದು, ಮುಖ್ಯ ಗಡುವು ಜನವರಿ ನಡುವಿಗೆ. ಪರ್ಸನಲ್ ಸ್ಟೇಟ್‌ಮೆಂಟ್ ಈಗ ಒಂದೇ ಪ್ರಬಂಧವಲ್ಲ, ಮೂರು ಪ್ರಶ್ನೆಗಳಿಗೆ ಒಟ್ಟು 4,000 ಅಕ್ಷರಗಳಲ್ಲಿ ಉತ್ತರ. ಮೂರನೆಯದು ತರಗತಿಯ ಹೊರಗೆ ಏನು ಮಾಡಿದ್ದೀರಿ ಎಂದು ಕೇಳುತ್ತದೆ. ಅದಕ್ಕೆ ಬರೆಯಲು ಏನಾದರೂ ಇರಬೇಕಾದರೆ ಈ ಜೂನ್‌ನಿಂದಲೇ ಬಂಟ್ವಾಳದ ಯಾವುದಾದರೂ ವಿಶೇಷ ಶಾಲೆಗೋ ವೃದ್ಧಾಶ್ರಮಕ್ಕೋ ವಾರಕ್ಕೊಮ್ಮೆ ಹೋಗಿ, ಹೋದ ದಿನವೇ ಸಂಜೆ ಕಂಡದ್ದನ್ನು ಅರ್ಧ ಪುಟ ಬರೆದಿಡಿ.